ಕರ್ಚೀಫಿನ ಎರಡು ತುದಿ

ನರಿಕೊಂಬಿನ ಹೊಳೆಬದಿಯ ಹಂಚಿನ ಕಾರ್ಖಾನೆ ಮುಚ್ಚಿ ಹತ್ತು ಹನ್ನೆರಡು ವರ್ಷ ಕಳೆದ ಮೇಲೆ, ಎರಡು ಸಾವಿರದ ನಾಲ್ಕನೆಯ ಇಸವಿಯ ನವರಾತ್ರಿ ಮುಗಿದ ವಾರ, ಅದರ ಗೇಟಿನ ಮೇಲೆ ‘ಮುಟ್ಟಿ ನೋಡು ವಿಜ್ಞಾನ ಮನೆ’ ಎಂಬ ಹೊಸ ಬೋರ್ಡು ಏರಿತು. ಬಸ್ಸಿನ ಕಂಡಕ್ಟರನಿಗೆ ಬೋರ್ಡಿನ ಗೊಡವೆ ಇರಲಿಲ್ಲ. ಅವನು ಮೊದಲಿನಂತೆಯೇ “ಫ್ಯಾಕ್ಟರಿ ಇಳೀರಿ, ಫ್ಯಾಕ್ಟರಿ” ಎಂದು ಕೂಗುತ್ತಿದ್ದ. ದಿನಾ ಬೆಳಿಗ್ಗೆ ಅಲ್ಲಿ ಇಳಿಯುತ್ತಿದ್ದ ಫರ್ಹಾನಳಿಗೆ ಅವನನ್ನು ತಿದ್ದಬೇಕೆಂದು ಅನಿಸುತ್ತಿತ್ತು. ಈಗ ಇದು ಫ್ಯಾಕ್ಟರಿ ಅಲ್ಲ ಎಂಬ ಒಂದೇ ವಾಕ್ಯ. ಆ ವಾಕ್ಯ ಎದೆಯಿಂದ ಹೊರಟು ನಾಲಗೆಗೆ ಬರುವಷ್ಟರಲ್ಲಿ ಬಸ್ಸು ತಿರುವು ದಾಟಿ ಹೋಗಿರುತ್ತಿತ್ತು.

ಅವಳಿಗೆ ಮಾತು ಬಾರದು ಎಂದೇನಲ್ಲ. ತಡವಾಗಿ ಬರುತ್ತಿತ್ತು, ಅಷ್ಟೆ. “ಇವಳ ಹತ್ರ ಒಂದು ಪ್ರಶ್ನೆ ಕೇಳಿ ಒಲೆಯ ಮೇಲೆ ಅಕ್ಕಿ ಇಟ್ರೆ, ಉತ್ತರ ಬರುವಾಗ ಅನ್ನ ಬಸಿಯಬಹುದು” ಎಂದು ಅವಳ ಉಮ್ಮ ಮಾಜಿದಾ ನೆಂಟರ ಎದುರು ಹೇಳಿ ನಗುವುದಿತ್ತು. ಫರ್ಹಾನಳೂ ನಗುತ್ತಿದ್ದಳು, ಸ್ವಲ್ಪ ತಡವಾಗಿ.

ಕಾರ್ಖಾನೆ ಜೀವಂಧರ ಸರ್ ಅವರ ಅಜ್ಜ ಕಟ್ಟಿಸಿದ್ದು. ಮೂಡಬಿದಿರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ, ಪಾಲಿಗೆ ಬಂದ ಈ ಹಾಳು ಜಾಗವನ್ನು ಏನು ಮಾಡುವುದೆಂದು ಮನೆಯವರೆಲ್ಲ ತಲೆ ಕೆಡಿಸಿಕೊಂಡಿದ್ದಾಗ, ಅವರೊಬ್ಬರೇ ಒಂದು ಮುಂಜಾನೆ ಬಂದು ಪೊದೆ ಕಡಿಸಲು ಶುರು ಮಾಡಿದರು. ಹೊಗೆ ಕೊಳವೆಯನ್ನು ಇದ್ದ ಹಾಗೆಯೇ ಬಿಟ್ಟರು. ಹಂಚು ಸುಡುತ್ತಿದ್ದ ಭಟ್ಟಿಯ ಕಮಾನಿನೊಳಗೆ ಕನ್ನಡಿಗಳನ್ನು ನಿಲ್ಲಿಸಿದರು. ಒಂದರಲ್ಲಿ ಮನುಷ್ಯ ಸೋರೆಕಾಯಿಯಾಗುತ್ತಿದ್ದ, ಇನ್ನೊಂದರಲ್ಲಿ ಬಾಳೆದಿಂಡು. ಹಂಚು ಒತ್ತುವ ಯಂತ್ರದ ದೊಡ್ಡ ಚಕ್ರಕ್ಕೆ ಎಣ್ಣೆ ಕುಡಿಸಿ, ಒಂದು ಬೆರಳು ತಾಗಿಸಿದರೆ ತಿರುಗುವಂತೆ ಮಾಡಿದರು. ಹಸಿ ಹಂಚು ಒಣಗಿಸುತ್ತಿದ್ದ ಉದ್ದನೆಯ ಮಾಡಿನ ಸೂರಿನ ಕೆಳಗೆ ಮೇಜುಗಳು, ಮೇಜುಗಳ ಮೇಲೆ ಕೈಗೆ ಸಿಗುವಂತೆ ನೂರೆಂಟು ಸಾಮಾನು. ಅವುಗಳಲ್ಲಿ ಅರ್ಧಕ್ಕರ್ಧ ಫರ್ಹಾನಳೇ ಕುಳಿತು ಮಾಡಿದ್ದು. ಅವಳು ಸರ್ ಅವರ ಹಳೆಯ ಶಿಷ್ಯೆ.

ಎಲ್ಲವೂ ಇತ್ತು, ಮುಟ್ಟುವವರು ಇರಲಿಲ್ಲ. ಈ ಕಡೆಯ ಮಕ್ಕಳಿಗೆ ನೋಡಲು ಹೋಗುವುದೆಂದರೆ ಕೈಕಟ್ಟಿ ಹೋಗುವುದು. ಬಸದಿಯಾಗಲಿ, ಬ್ಯಾಂಕಾಗಲಿ, ದುಬೈಯಿಂದ ಬಂದ ನೆಂಟರ ಮನೆಯ ಶೋಕೇಸಾಗಲಿ, ಮೊದಲು ಕಲಿಸುವ ಪಾಠ ಅದು. ಶಾಲೆಯವರು ಬಸ್ಸಿನಲ್ಲಿ ಬರುತ್ತಿದ್ದರು, ಚಪ್ಪಲಿಗಳನ್ನು ಬಾಗಿಲ ಹೊರಗೆ ಸಾಲಾಗಿ ಬಿಡುತ್ತಿದ್ದರು, ಕೈಗಳನ್ನು ಎದೆಗೆ ಕಟ್ಟಿ ಎರಡು ಸಾಲಿನಲ್ಲಿ ನಿಲ್ಲುತ್ತಿದ್ದರು. ಜೀವಂಧರ ಸರ್ ಒಂದೊಂದು ಮೇಜಿನ ಮುಂದೆಯೂ ಅರ್ಧ ಗಂಟೆ ಮಾತಾಡಿ “ಅರ್ಥ ಆಯ್ತಾ?” ಎಂದು ಕೇಳುತ್ತಿದ್ದರು. “ಆಯ್ತೂ ಸರ್” ಎಂದು ಮಕ್ಕಳು ರಾಗ ಎಳೆಯುತ್ತಿದ್ದರು. ಆಮೇಲೆ ಒಂದು ಮೌನ ಬರುತ್ತಿತ್ತು. ಮೌನಗಳ ವಿಷಯದಲ್ಲಿ ಫರ್ಹಾನಳಿಗೆ ತಿಳಿವಳಿಕೆ ಹೆಚ್ಚು, ಅವುಗಳ ನಡುವೆಯೇ ಬೆಳೆದವಳು. ಮಕ್ಕಳ ಆ ಮೌನ ತೊಳೆದು ಬೋರಲು ಹಾಕಿದ ಪಾತ್ರೆಯ ಮೌನ. ಅದರೊಳಗೆ ಏನೂ ಇರಲಿಲ್ಲ.

ಮಕ್ಕಳಿಗೆ ವಿವರಿಸಿ ಹೇಳಬೇಕಾದ ಕೆಲಸ ನಿಜವಾಗಿ ಅವಳದ್ದು. ಆದರೆ ಕೈಕಟ್ಟಿದ ಸಾಲಿನ ಎದುರು ನಿಂತಾಗ ಅವಳ ಮೊದಲ ವಾಕ್ಯವೇ ಅರ್ಧಕ್ಕೆ ನಿಲ್ಲುತ್ತಿತ್ತು, ಸರ್ ಗೋಡೆಯ ಕಡೆಯಿಂದ ಓಡಿ ಬಂದು ಅವಳ ಮಾತನ್ನು ತಾವೇ ಎತ್ತಿಕೊಳ್ಳುತ್ತಿದ್ದರು. ಹೀಗೆ ನಡೆದು ನಡೆದು, ಡಿಸೆಂಬರಿನ ಒಂದು ಸಂಜೆ ಸರ್ ಅವಳನ್ನು ಕರೆದು ಕೂರಿಸಿದರು.

“ನಾನು ನಿನಗೆ ಬೈಯುವುದಿಲ್ಲ ಫರ್ಹಾನ” ಎಂದರು. ಬೈಗುಳ ಶುರುವಾಗುವುದು ಹಾಗೆಯೇ ಎಂದು ಕಾಲೇಜಿನ ದಿನಗಳಿಂದ ಅವಳಿಗೆ ಗೊತ್ತಿತ್ತು. “ಇಲ್ಲಿಯ ಅರ್ಧ ಸಾಮಾನು ನಿನ್ನ ಕೈಯದ್ದು. ಇಲ್ಲ ಅನ್ನುವುದಿಲ್ಲ. ಆದ್ರೆ ಮಕ್ಕಳ ಎದುರು ನಿಂತು ಹೇಳ್ಲಿಕ್ಕೆ ಒಬ್ರು ಬೇಕಾ ಬೇಡ್ವಾ? ನಾನೆಷ್ಟು ಅಂತ ಒದರುವುದು? ನನ್ನ ಗಂಟಲು ನೋಡು.”

ಗಂಟಲು ಚೆನ್ನಾಗಿಯೇ ಇತ್ತು.

“ನಾಳೆ ನಾರಾವಿಯಿಂದ ಒಂದು ಶಾಲೆ ಬರ್ತದೆ. ನೀನೇ ನಡೆಸು. ನಾನು ಗೋಡೆ ಬದಿಯಲ್ಲಿ ಬಾಯಿ ಮುಚ್ಚಿ ನಿಲ್ತೇನೆ. ಆಗ್ಲಿಲ್ಲವಾ, ಮಂಗಳೂರಿನಲ್ಲಿ ಒಬ್ಬ ಹುಡುಗ ಇದ್ದಾನೆ, ಮುಝಮ್ಮಿಲ್ ಅಂತ. ಭಾಷಣದಲ್ಲಿ ಪ್ರೈಜ್ ತಗೊಂಡವ. ಅವನನ್ನು ಕರೆಸ್ತೇನೆ. ನೀನು ಹಿಂದಿನ ಕೋಣೆಯಲ್ಲಿ ವಯರು, ಬೆಸುಗೆ ಅಂತ ನೋಡ್ಕೊಂಡಿದ್ರಾಯ್ತು. ನಿನ್ನ ಕೆಲಸ ಎಲ್ಲಿಗೂ ಹೋಗುವುದಿಲ್ಲ, ಹೆದರ್ಬೇಡ.”

ತಿಂಗಳ ಹಿಂದೆ ಇದನ್ನು ಕೇಳಿದ್ದರೆ ಅವಳು ಆ ಕ್ಷಣವೇ ಎದ್ದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಈಗ ಹಾಗಾಗಲಿಲ್ಲ. ನಡುವೆ ಒಂದು ಸಂಗತಿ ನಡೆದಿತ್ತು. ಯಾರದೋ ಮದುವೆಗೆಂದು ವಿಟ್ಲದಿಂದ ಬಂದ ಕುಟುಂಬವೊಂದು ದಾರಿ ತಪ್ಪಿ ಒಳಗೆ ಬಂದಿತ್ತು. ಅವಳು ಕಟ್ಟಿದ ಗಂಟೆ ಪೆಟ್ಟಿಗೆಗೆ ಎರಡು ಹಿತ್ತಾಳೆ ಹಿಡಿಗಳು. ಎರಡನ್ನೂ ಹಿಡಿದವರ ಮೈಯ ಮೂಲಕವೇ ಸೆಲ್ಲಿನ ಸಣ್ಣ ಕರೆಂಟು ಹರಿದು, ಒಳಗಿನ ಟ್ರಾನ್ಸಿಸ್ಟರಿನಿಂದ ಬಲಗೊಂಡು ಗಂಟೆ ಬಾರಿಸುತ್ತಿತ್ತು. ತಾಯಿಯ ಕಂಕುಳಲ್ಲಿದ್ದ ಮಗು ಬಾಗಿ ಎರಡೂ ಹಿಡಿಗಳನ್ನು ಒಟ್ಟಿಗೆ ಹಿಡಿದುಬಿಟ್ಟಿತು. ಗಂಟೆ ಕಿರ್ರೆಂದಿತು. ಮಗು ಬೆಚ್ಚಲಿಲ್ಲ, ಅಳಲಿಲ್ಲ. ಕೈ ಬಿಟ್ಟು, ತನ್ನ ಅಂಗೈಗಳನ್ನೇ ನೋಡಿತು. ಆಮೇಲೆ ನಕ್ಕಿತು. ಗಂಟೆಗೂ ಆ ನಗುವಿಗೂ ನಡುವೆ ಇದ್ದ ಒಂದು ಕ್ಷಣದ ಮೌನವನ್ನು ಫರ್ಹಾನ ಮರೆತಿರಲಿಲ್ಲ. ಅಂಥದ್ದನ್ನು ಮತ್ತೊಮ್ಮೆ ಕಣ್ಣಾರೆ ನೋಡಬೇಕು. ಹಿಂದಿನ ಕೋಣೆಗೆ ಗಂಟೆಯ ಸದ್ದು ಮಾತ್ರ ಕೇಳೀತು, ಮುಖಗಳು ಕಾಣಲಾರವು.

“ನಾಳೆ ಮಾಡ್ತೇನೆ ಸರ್” ಎಂದಳು.

ಆ ಸಂಜೆ ಬಂಗುಡೆ ಕೊಯ್ಯುತ್ತ ಅವಳು ತುಟಿ ಆಡಿಸುತ್ತಿದ್ದುದನ್ನು ಮಾಜಿದಾ ಕಂಡರು.

“ಯಾರ ಹತ್ರ ಮಾತಾಡ್ತಿ?”

“ನಾಳೆಗೆ ಅಭ್ಯಾಸ.”

“ಮೀನಿನ ಹತ್ರವಾ? ಒಳ್ಳೆದಾಯ್ತು, ಅದು ನಡುವೆ ಬಾಯಿ ಹಾಕುವುದಿಲ್ಲ.”

ನಾರಾವಿಯ ಬಸ್ಸು ಹತ್ತು ಗಂಟೆಯ ಹೊತ್ತಿಗೆ ಬಂತು. ಮೊದಲು ಒಂದು ಕಪ್ಪು ಕೊಡೆ ಇಳಿಯಿತು, ಅದರ ಹಿಂದೆ ಪದ್ಮಯ್ಯ ಮಾಸ್ಟ್ರು, ಅವರ ಹಿಂದೆ ಏಳನೆಯ ತರಗತಿ. ಹುಡುಗಿಯರು ಒಂದು ಸಾಲು, ಹುಡುಗರು ಒಂದು ಸಾಲು, ಗಿಡ್ಡರಿಂದ ಉದ್ದದವರವರೆಗೆ. ಮಾಸ್ಟ್ರು ಸರಿಯಾಗಿ ಬೋರ್ಡಿನ ಕೆಳಗೆ ನಿಂತು ಗುಡುಗಿದರು.

“ಚಪ್ಪಲಿ ಇಲ್ಲಿ. ಎಲ್ಲರೂ ಕೈ ಕಟ್ಟಿ. ಒಳಗೆ ಯಾವುದನ್ನಾದ್ರೂ ಮುಟ್ಟಿದ್ದು ಕಂಡ್ರೆ, ಗೊತ್ತುಂಟಲ್ಲ?”

“ಮಾಸ್ಟ್ರೇ, ಬೋರ್ಡು ಓದಿದ್ರಾ?” ಎಂದ ಗೇಟು ಕಾಯುವ ನೋಣಯ್ಯ.

“ಓದಿದೆ ಮಾರಾಯ. ಅದು ದೊಡ್ಡವರಿಗೆ.”

“ದೊಡ್ಡವರು ಯಾರೂ ಮುಟ್ಟುವುದಿಲ್ಲ. ಅವರು ಮಕ್ಕಳಿಗೆ ಅಂತ ಹೇಳ್ತಾರೆ.”

ಮಾಡಿನ ಕೆಳಗೆ ತಂಪಿತ್ತು. ಗಾಜಿನ ಹಂಚುಗಳಿಂದ ಇಳಿದ ಬಿಸಿಲು ನೆಲದ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ಮಕ್ಕಳು ಆ ಚೌಕಗಳನ್ನೂ ತುಳಿಯದೆ ನಿಂತರು. ಜೀವಂಧರ ಸರ್ ಗೋಡೆಗೆ ಬೆನ್ನು ಕೊಟ್ಟು, ತಾವೂ ಕೈಕಟ್ಟಿ, ತುಟಿಗಳನ್ನು ಒಳಗೆ ಮಡಚಿಕೊಂಡರು.

ಫರ್ಹಾನ ಗಂಟೆ ಪೆಟ್ಟಿಗೆಯ ಪಕ್ಕ ನಿಂತಳು. ‘ಮಕ್ಕಳೇ, ವಿದ್ಯುತ್ತು ಎಂದರೆ’ ಎಂದು ಶುರುವಾಗುವ ಮಾತು ಬೆಳಗಿನವರೆಗೂ ಬಾಯಲ್ಲಿತ್ತು. ಬಾಯಿ ತೆರೆದಳು. ಇಡೀ ತರಗತಿಯ ಕಣ್ಣುಗಳು ಅವಳ ಬಾಯಿಯನ್ನೇ ನೋಡಿದವು. ಒಳಗೆ ಏನೂ ಉಳಿದಿರಲಿಲ್ಲ. ಎಲ್ಲಿಯೋ ಹಂಚಿನ ಸಂದಿಯಲ್ಲಿ ಒಂದು ಪಾರಿವಾಳ ಗುಟುರು ಹಾಕಿತು. ಪದ್ಮಯ್ಯ ಮಾಸ್ಟ್ರು ಕೆಮ್ಮಿದರು. ಗೋಡೆಯ ಕಡೆ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಬೇರೇನೂ ತೋಚದೆ ಅವಳು ಎರಡು ಹಿಡಿಗಳನ್ನೂ ಹಿಡಿದುಕೊಂಡಳು. ಗಂಟೆ ಕಿರ್ರೆಂದಿತು. ಸಾಲು ಒಮ್ಮೆಗೇ ಹಿಂದಕ್ಕೆ ವಾಲಿತು.

“ಕರೆಂಟಾ?” ಎಂದರು ಮಾಸ್ಟ್ರು ಕೊಡೆಯನ್ನು ಎತ್ತಿ. “ಏನಮ್ಮಾ ಇದು, ಊರವರ ಮಕ್ಕಳು!”

“ಟಾರ್ಚಿನ ಸೆಲ್ಲು ಸರ್. ಏನೂ ಆಗುವುದಿಲ್ಲ.”

ಅಷ್ಟು ಮಾತು ಹೇಗೋ ಬಂತು. ಹುಡುಗಿಯರ ಸಾಲಿನ ಮುಂದಿದ್ದ ಅತಿ ಗಿಡ್ಡ ಹುಡುಗಿ ಶಿಫಾನಾಳ ಕೈಯನ್ನು ಹಿಡಿದು ತಂದು ಒಂದು ಹಿಡಿಯ ಮೇಲೆ ಇಟ್ಟಳು. ಹುಡುಗರ ಸಾಲಿನ ಮುಂದಿದ್ದ ಸಿನಾನನ ಕೈಯನ್ನು ಇನ್ನೊಂದರ ಮೇಲೆ ಇಟ್ಟಳು. ಉಳಿದವರಿಗೆ ತನ್ನ ಎರಡು ಕೈಗಳನ್ನು ಒಂದಕ್ಕೊಂದು ಕೋದು ತೋರಿಸಿದಳು. ಕೈಗಳು ಎದೆಯಿಂದ ನಿಧಾನವಾಗಿ ಬಿಚ್ಚಿಕೊಂಡವು. ಹುಡುಗಿಯರು ಹುಡುಗಿಯರ ಕೈ ಹಿಡಿದರು, ಹುಡುಗರು ಹುಡುಗರ ಕೈ. ಎರಡು ಸಾಲೂ ಬಳಸಿ ಬಂದು ದೊಡ್ಡ ಬಳೆಯಂತಾಯಿತು. ಬಳೆ ಕೂಡುವಲ್ಲಿ, ಸಾಲಿನ ಕೊನೆಯವರಾದ್ದರಿಂದ, ತರಗತಿಯ ಅತಿ ಉದ್ದದ ಹುಡುಗಿ ಬ್ರಾಹ್ಮಿಯೂ ಅತಿ ಉದ್ದದ ಹುಡುಗ ರಿಷಭನೂ ಎದುರುಬದುರಾದರು.

ಇಬ್ಬರೂ ಒಂದಿಷ್ಟೂ ಯೋಚಿಸಲಿಲ್ಲ. ರಿಷಭ್ ಕಿಸೆಯಿಂದ ಕರ್ಚೀಫು ತೆಗೆದು ಒಂದು ತುದಿ ತಾನು ಹಿಡಿದು ಇನ್ನೊಂದು ತುದಿಯನ್ನು ಚಾಚಿದ. ಬ್ರಾಹ್ಮಿ ಅದನ್ನು ಹಿಡಿದಳು. ಶಾಲಾ ವಾರ್ಷಿಕೋತ್ಸವದ ಡ್ಯಾನ್ಸಿಗೆ ಮಾಸ್ಟ್ರು ಮಾಡಿದ ಏರ್ಪಾಡು ಅದು. ಹುಡುಗ ಹುಡುಗಿ ಕೈ ಹಿಡಿಯಬೇಕಾದಲ್ಲಿ ಕರ್ಚೀಫಿನ ಎರಡು ತುದಿ. ನಾರಾವಿಯಲ್ಲೇ ಏಕೆ, ಆ ಸುತ್ತಿನ ಎಷ್ಟೋ ಶಾಲೆಗಳಲ್ಲಿ ಅದೇ ರೂಢಿ. ಯಾರೂ ನಗಲಿಲ್ಲ. ಅದು ಅಲ್ಲಿದೆ ಎಂದು ತರಗತಿಯಲ್ಲಿ ಯಾರಿಗೂ ಕಾಣಲೂ ಇಲ್ಲ.

ಗಂಟೆ ಆಗಲಿಲ್ಲ.

ಮಕ್ಕಳು ಕಾದರು. ಶಿಫಾನಾ ಹಿಡಿಯನ್ನು ಇನ್ನಷ್ಟು ಗಟ್ಟಿ ಹಿಡಿದಳು. ಸಿನಾನ್ ಹಿಡಿಯನ್ನು ಅಲ್ಲಾಡಿಸಿದ. ಗಂಟೆ ಸುಮ್ಮನೆ ಇತ್ತು.

“ಮೆಷಿನ್ ಹಾಳಾಯ್ತಾ?” ಎಂದರು ಮಾಸ್ಟ್ರು, ಸ್ವಲ್ಪ ಸಮಾಧಾನದಿಂದಲೇ.

“ಹಾಳಾಗ್ಲಿಲ್ಲ ಸರ್.”

“ಮತ್ತೆ ಯಾಕೆ ಆಗುವುದಿಲ್ಲ? ಹೇಳಿ, ಮಕ್ಕಳಿಗೆ ವಿವರಿಸಿ.”

ಆಗಲೇ ವಿಚಿತ್ರವೊಂದು ನಡೆದದ್ದು. ಕಾರಣ ಫರ್ಹಾನಳಿಗೆ ಮೊದಲ ನೋಟದಲ್ಲೇ ಕಂಡಿತ್ತು. ಎಂದೂ ಹೊತ್ತಿಗೆ ಸರಿಯಾಗಿ ಬಾರದ ವಾಕ್ಯ ಈ ಸಲ ಇಡಿಯಾಗಿ, ತಪ್ಪಿಲ್ಲದೆ, ನಾಲಗೆಯ ತುದಿಗೆ ಬಂದು ಕುಳಿತಿತ್ತು. ಒಣ ಬಟ್ಟೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಅಷ್ಟನ್ನು ಹೇಳಿದರೆ ಮುಗಿಯಿತು. ಮಾಸ್ಟ್ರು ತಲೆಯಾಡಿಸುತ್ತಾರೆ, ಸರ್ ಉಸಿರು ಬಿಡುತ್ತಾರೆ, ಮಂಗಳೂರಿನ ಹುಡುಗ ಮಂಗಳೂರಿನಲ್ಲೇ ಇರುತ್ತಾನೆ. ಮಕ್ಕಳು “ಆಯ್ತೂ” ಎನ್ನುತ್ತಾರೆ.

ಅವಳು ಮಕ್ಕಳ ಮುಖ ನೋಡಿದಳು. ಯಾರೂ ಅವಳ ಬಾಯಿಯನ್ನು ನೋಡುತ್ತಿರಲಿಲ್ಲ. ಎಲ್ಲರೂ ಗಂಟೆಯನ್ನು ನೋಡುತ್ತಿದ್ದರು, ಹುಬ್ಬು ಗಂಟು ಹಾಕಿ, ಅದು ತಮಗೆ ಏನೋ ಅನ್ಯಾಯ ಮಾಡಿದ ಹಾಗೆ. ಮೌನವಿತ್ತು. ಆದರೆ ಇದು ಬೋರಲು ಹಾಕಿದ ಪಾತ್ರೆಯದ್ದಲ್ಲ, ಒಲೆಯ ಮೇಲೆ ಇಟ್ಟದ್ದು. ಅವಳು ವಾಕ್ಯವನ್ನು ನುಂಗಿಕೊಂಡಳು.

ಜೀವಂಧರ ಸರ್‌ಗೆ ತಡೆಯಲಾಗಲಿಲ್ಲ. ಗೋಡೆ ಬಿಟ್ಟು ಎರಡು ಹೆಜ್ಜೆ ಬಂದೇಬಿಟ್ಟರು, “ಮಕ್ಕಳೇ, ಇದು ಏನಾಗಿದೆ ಅಂದ್ರೆ” ಎನ್ನಲು ಬಾಯಿ ತೆರೆದೇಬಿಟ್ಟರು. ಫರ್ಹಾನ ಅವರತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ಜೀವಮಾನವಿಡೀ ಪಾಠ ಮಾಡಿದವರಿಗೆ ಶಿಷ್ಯೆಯೊಬ್ಬಳು ಬಾಯಿ ಮುಚ್ಚಿ ಎಂದದ್ದು ಅದೇ ಮೊದಲು. ಅವರು ತೆರೆದ ಬಾಯಿಯಲ್ಲೇ ನಿಂತರು. ಕೆಲಸ ಹೋಯಿತು ಎಂದುಕೊಂಡಳು. ಬೆರಳು ತೆಗೆಯಲಿಲ್ಲ.

“ದಾಯೆ?” ಎಂದು ಯಾರೋ ಪಿಸುಗುಟ್ಟಿದರು. ಯಾಕೆ ಎಂದು ತುಳುವಿನಲ್ಲಿ. ಮಾಸ್ಟ್ರ ಎದುರು ಕನ್ನಡವೇ ಆಡಬೇಕೆಂಬ ನಿಯಮ ಅಲ್ಲಿಗೆ ಮುರಿಯಿತು.

“ಹುಡುಗಿಯರಲ್ಲಿ ಕರೆಂಟ್ ಇಲ್ಲ” ಎಂದು ಸಿನಾನ್ ತೀರ್ಪು ಕೊಟ್ಟ.

“ನಿನ್ನ ತಲೆಯಲ್ಲಿ ಇಲ್ಲ” ಎಂದಳು ಶಿಫಾನಾ.

“ಹೌದಾ? ನೋಡುವನಾ?”

“ನೋಡುವ!”

ಶಿಫಾನಾ ಒಂದು ಹಿಡಿ ಬಿಡದೆಯೇ ಬ್ರಾಹ್ಮಿಯನ್ನು ಕೂಗಿ ಕರೆದಳು. ಹುಡುಗಿಯರ ಸಾಲು ಹಾವಿನಂತೆ ಸುತ್ತಿ ಬಂದು ಬ್ರಾಹ್ಮಿ ಇನ್ನೊಂದು ಹಿಡಿಯನ್ನು ಮುಟ್ಟಿದಳು. ಗಂಟೆ ಕಿರ್ರೆಂದಿತು. ಹುಡುಗಿಯರು ಕಿರುಚಿದರು. “ಈಗ ಹೇಳು, ಯಾರಲ್ಲಿ ಇಲ್ಲ?” ಹುಡುಗರು ಸುಮ್ಮನಿದ್ದಾರೆಯೇ? ಅವರೂ ಸುತ್ತಿ ಬಂದು ಹಿಡಿದರು. ಅದಕ್ಕೂ ಕಿರ್ರೆಂದಿತು. ಪಂದ್ಯ ಸಮವಾಯಿತು. ಎರಡು ಸಾಲೂ ಮತ್ತೆ ಕೂಡಿದವು, ನಡುವೆ ಕರ್ಚೀಫು. ಗಂಟೆ ಮತ್ತೆ ಮೂಗಿಯಾಯಿತು.

“ಬೇರೆ ಬೇರೆ ಆದ್ರೆ ಆಗ್ತದೆ, ಒಟ್ಟಿಗೆ ಆಗುವುದಿಲ್ಲ. ಇದು ನಮ್ಮ ಮಾಸ್ಟ್ರಂಥ ಮೆಷಿನ್” ಎಂದು ಯಾರೋ ಹಿಂದಿನಿಂದ ಅಂದರು. ಮಾಸ್ಟ್ರು ಯಾರೆಂದು ಹುಡುಕುವಷ್ಟರಲ್ಲಿ ನಗು ಎಲ್ಲ ಕಡೆ ಹಬ್ಬಿ, ಹುಡುಕಲು ಸಾಧ್ಯವಿಲ್ಲದ ಹಾಗಾಯಿತು.

ಬ್ರಾಹ್ಮಿ ಮಾತ್ರ ನಗಲಿಲ್ಲ. ಅವಳ ಕಣ್ಣು ತನ್ನ ಕೈಯಲ್ಲಿದ್ದ ಬಟ್ಟೆಯ ತುದಿಯ ಮೇಲಿತ್ತು. ಅಲ್ಲಿಂದ ಬಟ್ಟೆಯುದ್ದಕ್ಕೂ ಹೋಗಿ ರಿಷಭನ ಬೆರಳ ತನಕ ತಲುಪಿ, ತಟ್ಟನೆ ನೆಲಕ್ಕೆ ಇಳಿಯಿತು. ಅವಳಿಗೆ ಗೊತ್ತಾಗಿತ್ತು. ಹೇಳಲು ಆಗುತ್ತಿರಲಿಲ್ಲ. ಹೇಳಿದರೆ ಆಮೇಲೆ ಏನಾಗಬೇಕೆಂದೂ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಬಾಯಿತುಂಬ ಉತ್ತರ ಇಟ್ಟುಕೊಂಡು ತುಟಿ ಬಿಗಿದ ಹುಡುಗಿಯನ್ನು ಫರ್ಹಾನ ಹೊಸದಾಗಿ ನೋಡಬೇಕಾಗಿರಲಿಲ್ಲ. ಅವಳು ಅವಸರ ಮಾಡಲಿಲ್ಲ, ಹುರಿದುಂಬಿಸಲೂ ಇಲ್ಲ, ಬೇರೆ ಕಡೆ ನೋಡುತ್ತ ನಿಂತಳು.

“ಕರ್ಚೀಫ್ ಬೇಡ” ಎಂದಳು ಬ್ರಾಹ್ಮಿ.

“ಓಓಓ!” ಎಂದು ಹುಡುಗರ ಸಾಲು ಊಳಿಟ್ಟಿತು. ರಿಷಭನ ಕಿವಿಗಳು ದಾಸವಾಳದ ಬಣ್ಣಕ್ಕೆ ತಿರುಗಿದವು. “ಶ್!” ಎಂದರು ಮಾಸ್ಟ್ರು. ಬ್ರಾಹ್ಮಿಗೆ ಸಿಟ್ಟು ನೆತ್ತಿಗೇರಿತು.

“ಕೈ ಹಿಡಿಯುವ ಅಂತ ನಾನು ಹೇಳಿದ್ನಾ? ಕರೆಂಟು ಬಟ್ಟೆಯಲ್ಲಿ ಹೋಗುವುದಿಲ್ಲ ಅಂತ ಹೇಳಿದ್ದು. ಬೇರೆ ಎಂತಾದ್ರೂ ಕೊಡಿ!”

ಅಷ್ಟೇ ಬೇಕಾಗಿದ್ದದ್ದು. ಕಿಸೆಗಳು, ಚೀಲಗಳು, ಬುತ್ತಿಗಳು ಬಾಯಿ ಬಿಟ್ಟವು. ಮರದ ಸ್ಕೇಲು ಬಂತು, ಗಂಟೆ ಆಗಲಿಲ್ಲ. ಪೆನ್ನು, ಇಲ್ಲ. ಶಿಫಾನಾಳ ಗಾಜಿನ ಬಳೆ, ಇಲ್ಲ. ಸ್ಟೀಲಿನ ಬುತ್ತಿಯ ಮುಚ್ಚಳ ಬಂದದ್ದೇ ಕಿರ್ರೆಂದಿತು. ಮಾಡು ಹಾರಿಹೋಗುವಂತೆ ಬೊಬ್ಬೆ. ಯಾರೋ ಹೊರಗೆ ಓಡಿ ಒಂದು ಚಪ್ಪಲಿ ತಂದರು, ಬ್ರಾಹ್ಮಿ ಅದನ್ನು ಹಿಡಿಯಲು ಒಪ್ಪಲಿಲ್ಲ, ದೊಡ್ಡ ವಾಗ್ವಾದವಾಯಿತು. ಬಾಳೆಹಣ್ಣಿನಲ್ಲಿ ಗಂಟೆ ಆಯಿತು. ಮಾಸ್ಟ್ರ ಕೊಡೆಯನ್ನು ಸಿನಾನ್ ಯಾವ ಮಾಯದಲ್ಲಿ ತಂದನೋ, ಅದರ ಕಬ್ಬಿಣದ ಕೋಲಿನಲ್ಲೂ ಆಯಿತು. ಒಬ್ಬಳು ಕಾಗದದ ಪೊಟ್ಟಣದಿಂದ ಉಪ್ಪುನೀರಿನ ನೆಲ್ಲಿಕಾಯಿ ತೆಗೆದು ಕೊಟ್ಟಳು. ಎಲ್ಲಕ್ಕಿಂತ ಜೋರಾಗಿ ಗಂಟೆ ಬಾರಿಸಿದ್ದು ಅದೇ ಎಂದು ಒಂದು ಪಕ್ಷ, ಕೊಡೆಯೇ ಎಂದು ಇನ್ನೊಂದು ಪಕ್ಷ.

ನೆಲ್ಲಿಕಾಯಿಯ ಉಪ್ಪುನೀರು ಮಣಿಕಟ್ಟಿನ ತನಕ ಇಳಿದಿದ್ದರಿಂದ ರಿಷಭ್ ಹೊರಗಿನ ನಳ್ಳಿಗೆ ಹೋಗಿ ಕೈ ತೊಳೆದು, ಕರ್ಚೀಫನ್ನೂ ನೆನೆಸಿ ಹಿಂಡಿ ಒರೆಸಿಕೊಳ್ಳುತ್ತ ಬಂದ. ಅವನ ಜಾಗ ಖಾಲಿ ಬಿದ್ದದ್ದರಿಂದ ಎಲ್ಲರೂ “ಬಾ ಮಾರಾಯ, ಬೇಗ” ಎಂದು ಅವಸರ ಮಾಡುತ್ತಿದ್ದರು. ಕೊಡೆ ಯಾರದೋ ಕೈಯಲ್ಲಿತ್ತು, ನೆಲ್ಲಿಕಾಯಿಯನ್ನು ಯಾರೋ ತಿಂದಿದ್ದರು. ಅವನು ಅಭ್ಯಾಸಬಲದಿಂದ ಕರ್ಚೀಫಿನ ತುದಿಯನ್ನೇ ಚಾಚಿದ. ಬ್ರಾಹ್ಮಿ ಅಭ್ಯಾಸಬಲದಿಂದ ಹಿಡಿದಳು.

ಗಂಟೆ ಕಿರ್ರೆಂದಿತು.

ಒಬ್ಬರೂ ಬೊಬ್ಬೆ ಹಾಕಲಿಲ್ಲ. ಅದೇ ಕರ್ಚೀಫು. ಆಗ ಆಗದಿದ್ದದ್ದು ಈಗ ಆಗುತ್ತಿದೆ. ಬಟ್ಟೆಯ ನಡುವಿನಿಂದ ಒಂದು ಹನಿ ನೀರು ಜಿನುಗಿ ಬಿಸಿಲಿನ ಚೌಕದ ಮೇಲೆ ಬಿತ್ತು. ಇಡೀ ಏಳನೆಯ ತರಗತಿ ಆ ಹನಿಯನ್ನು ನೋಡಿತು. ಫರ್ಹಾನ ಅವರನ್ನು ನೋಡಿದಳು. ಕಂಕುಳ ಮಗು ತನ್ನ ಅಂಗೈ ನೋಡಿಕೊಂಡಾಗ ಇದ್ದ ಮೌನ, ಅಷ್ಟೂ ಮುಖಗಳ ಮೇಲೆ. ಅವಳ ಮೈ ಜುಂ ಎಂದಿತು.

“ನೀರು!” ಎಂದು ಹತ್ತು ಬಾಯಿಗಳು ಒಟ್ಟಿಗೆ ಕೂಗಿದವು.

ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಮರದ ಸ್ಕೇಲನ್ನು ನೆನೆಸಿದರು. ಕಾಗದ ನೆನೆಸಿದರು. ಒಬ್ಬ ತನ್ನ ಅಂಗಿಯ ಚುಂಗನ್ನೇ ನೆನೆಸಿಕೊಂಡು ಬಂದ. ಪರೀಕ್ಷೆಗೆ ಇನ್ನೇನೂ ಉಳಿಯದಾದಾಗ ಸಿನಾನನ ಕಣ್ಣು ಪದ್ಮಯ್ಯ ಮಾಸ್ಟ್ರ ಮೇಲೆ ಬಿತ್ತು.

“ಸರ್, ನಿಮ್ಮಲ್ಲಿ ಕರೆಂಟು ಹೋಗ್ತದಾ?”

“ಅಧಿಕಪ್ರಸಂಗ!”

“ಅಲ್ಲ ಸರ್, ಎಲ್ಲ ನೋಡಿ ಆಯ್ತು. ನೀವೊಬ್ಬರೇ ಬಾಕಿ.”

ಮಾಸ್ಟ್ರು ಜೀವಂಧರ ಸರ್ ಅವರನ್ನು ನೋಡಿದರು. ಜೀವಂಧರ ಸರ್ ಫರ್ಹಾನಳನ್ನು ನೋಡಿದರು. ಫರ್ಹಾನ ಗಂಟೆಯನ್ನು ನೋಡುತ್ತಿದ್ದಳು. ಕೊಡೆಯನ್ನಂತೂ ಮಕ್ಕಳು ಮೊದಲೇ ಕಸಿದುಕೊಂಡಿದ್ದರು, ಈಗ ಬರಿಗೈಯಲ್ಲಿ ನಿಂತ ಮಾಸ್ಟ್ರಿಗೆ ಕೈಗಳನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಬ್ರಾಹ್ಮಿ ಒಂದು ಕೈ ಹಿಡಿದಳು, ರಿಷಭ್ ಇನ್ನೊಂದು. ಮಾಸ್ಟ್ರು ಕಣ್ಣು ಮುಚ್ಚಿದರು.

ಗಂಟೆ ಕಿರ್ರೆಂದದ್ದಕ್ಕೂ ಅವರು ಅರ್ಧ ಅಡಿ ಹಾರಿದ್ದಕ್ಕೂ ಸರಿಹೋಯಿತು. ಕಣ್ಣು ತೆರೆದು, ತಮಗೆ ಏನೂ ಆಗಿಲ್ಲವೆಂದು ಖಚಿತ ಮಾಡಿಕೊಂಡು, ಗಂಟೆಯನ್ನು ನೋಡಿ, ತಮ್ಮ ಎದೆಯನ್ನು ನೋಡಿ, “ಹೋಗ್ತದಲ್ಲ ಮಾರಾಯ, ನನ್ನಲ್ಲೂ ಹೋಗ್ತದೆ!” ಎಂದರು. ಆಮೇಲೆ ನಕ್ಕರು. ಅವರಿಗೆ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿಯಿದೆ ಎಂದು ಏಳನೆಯ ತರಗತಿಗೆ ಗೊತ್ತಾದದ್ದು ಅಂದೇ. “ಇನ್ನೊಮ್ಮೆ ಮಾಡುವ” ಎಂದದ್ದೂ ಅವರೇ.

ಮಧ್ಯಾಹ್ನದ ಹೊತ್ತಿಗೆ ವಿಜ್ಞಾನ ಮನೆಯಲ್ಲಿ ಬೆರಳಚ್ಚು ಬೀಳದ ಸಾಮಾನು ಉಳಿದಿರಲಿಲ್ಲ. ಚಕ್ರ ತಿರುಗಿ ತಿರುಗಿ ಬಿಸಿಯಾಯಿತು. ಕನ್ನಡಿಗಳ ಮುಂದೆ ಸೋರೆಕಾಯಿಗಳು ಕುಣಿದವು. ಎರಡು ಸಾಮಾನು ಮುರಿದವು. ಫರ್ಹಾನ ಅವುಗಳನ್ನು ಎತ್ತಿ, ಎಷ್ಟು ಕೈಗಳು ತಾಗಿದರೆ ಹೀಗೆ ಮುರಿದೀತು ಎಂದು ಯೋಚಿಸುತ್ತ, ಸಂತೋಷದಿಂದ ಬದಿಗಿಟ್ಟಳು.

ಜೀವಂಧರ ಸರ್ ಅವಳ ಬಳಿ ಬರಲಿಲ್ಲ, ಏನೂ ಹೇಳಲೂ ಇಲ್ಲ. ಮಾತುಗಾರ ಮನುಷ್ಯ ಮಾತಾಡದಿದ್ದಾಗ ಏನು ತಿಳಿಯಬೇಕೋ ಅವಳಿಗೆ ಗೊತ್ತಾಗಲಿಲ್ಲ. ಮಕ್ಕಳು ಬಸ್ಸು ಹತ್ತುವಾಗ ಪದ್ಮಯ್ಯ ಮಾಸ್ಟ್ರು ಬಾಗಿಲಲ್ಲಿ ನಿಂತು ತಲೆ ಎಣಿಸುತ್ತ, ರೂಢಿಯಂತೆ ಕೇಳಿದರು. “ಇವತ್ತು ಮಿಸ್ ಏನು ಹೇಳಿಕೊಟ್ರು?”

“ಏನೂ ಹೇಳ್ಲಿಲ್ಲ ಸರ್.”

“ಏನೂ ಇಲ್ವಾ?”

“ಇಲ್ಲ ಸರ್. ನಾವೇ ನೋಡಿದ್ದು.”

ಫರ್ಹಾನ ತಿರುಗಿ ನೋಡಿದಳು. ಸರ್ ಪಕ್ಕದಲ್ಲೇ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡು ಅವರು ನೆಲ ನೋಡುತ್ತಿದ್ದರು.

ಬಸ್ಸು ಹೊರಟಿತು. ಇನ್ನೇನು ಗೇಟು ದಾಟಬೇಕು, ಕಿಟಕಿಯಿಂದ ಬ್ರಾಹ್ಮಿಯ ತಲೆ ಹೊರಬಂತು.

“ಮಿಸ್, ನೀರಲ್ಲಿ ಅಂಥದ್ದು ಎಂತ ಉಂಟು? ಒಣಗಿದ್ರೆ ಯಾಕೆ ಹೋಗುವುದಿಲ್ಲ?”

ಯೋಚಿಸುವ ಮೊದಲೇ ಫರ್ಹಾನ ಬಸ್ಸಿನ ಜೊತೆ ಓಡುತ್ತಿದ್ದಳು.

“ನೀರೊಂದೇ ಅಲ್ಲ, ನೀರಲ್ಲಿ ಉಪ್ಪು ಉಂಟಲ್ಲ, ಅದು! ನಳ್ಳಿ ನೀರಲ್ಲೂ ಸ್ವಲ್ಪ ಉಂಟು, ನಿನ್ನ ಬೆವರಲ್ಲೂ ಉಂಟು. ನೀರಿಗೆ ಬಿದ್ದ ಕೂಡ್ಲೆ ಉಪ್ಪು ಎರಡು ಬಗೆಯ ಚೂರಾಗ್ತದೆ, ಒಂದು ಆಚೆ ಓಡ್ತದೆ, ಒಂದು ಈಚೆ ಓಡ್ತದೆ...”

ಎಂಜಿನಿನ ಸದ್ದಿನಲ್ಲಿ ಉಳಿದದ್ದು ಮುಳುಗಿತು. “ನಿಲ್ಸಿ, ನಿಲ್ಸಿ!” ಎಂದು ಒಳಗಿನಿಂದ ಕೂಗಿದ್ದು ಮಕ್ಕಳಲ್ಲ, ಪದ್ಮಯ್ಯ ಮಾಸ್ಟ್ರು. ಬಸ್ಸು ನಿಂತಿತು. ಡ್ರೈವರ್ ಗೊಣಗುತ್ತ ಎಂಜಿನ್ ಆರಿಸಿದ. ಕಿಟಕಿಗಳಲ್ಲಿ ಮೂರು ಮೂರು ತಲೆಗಳು ತುಂಬಿಕೊಂಡವು. ಫರ್ಹಾನ ಏದುಸಿರು ಬಿಡುತ್ತ ಕೆಳಗೆ ನಿಂತಳು. ಎಂದಿನಂತೆ ಮಾತು ತಡವಾಗುತ್ತದೆಂದು ಕಾದಳು. ತಡವಾಗಲಿಲ್ಲ. ಕೇಳಿದವರಿದ್ದರು, ಹೇಳುವುದಿತ್ತು. ಇಷ್ಟು ದಿನ ತನ್ನ ಮಾತು ಇದಕ್ಕಾಗಿ ಕಾದಿತ್ತೋ ಏನೋ ಎಂದು ಅವಳಿಗೆ ಅನ್ನಿಸಿತು, ಆದರೆ ಅದನ್ನು ಯೋಚಿಸುತ್ತ ಕೂರಲು ಹೊತ್ತಿರಲಿಲ್ಲ. ಅವಳು ಹೇಳತೊಡಗಿದಳು. ಕೈಗಳನ್ನೂ ಆಡಿಸುತ್ತ, ಉಪ್ಪಿನ ಒಂದು ಚೂರನ್ನು ಬಸ್ಸಿನ ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಓಡಿಸುತ್ತ.

ಗೇಟಿನ ಬಳಿ ನೋಣಯ್ಯ ಜೀವಂಧರ ಸರ್ ಅವರನ್ನು ಕೇಳಿದ. “ಧನಿಗಳೇ, ಆ ಮಂಗಳೂರಿನ ಭಾಷಣದ ಜನ ಯಾವಾಗ ಬರುವುದು? ಕೋಣೆ ಗುಡಿಸಿ ಇಡ್ಬೇಕಾ?”

“ಬರುವುದಿಲ್ಲ” ಎಂದರು ಸರ್. “ಸುಮ್ಮನಿರು, ಕೇಳ್ಲಿಕ್ಕೆ ಬಿಡು.”

“ಮಿಸ್!” ಎಂದು ಬಸ್ಸಿನ ಆಚೆ ಬದಿಯ ಕಿಟಕಿಯಿಂದ ಸಿನಾನ್ ಕಿರುಚಿದ. “ಈ ಸೈಡಿಗೆ ಎಂತದೂ ಕೇಳುವುದಿಲ್ಲ! ಗಟ್ಟಿ ಹೇಳಿ!”

ಫರ್ಹಾನ ಇನ್ನೂ ಗಟ್ಟಿಯಾಗಿ ಹೇಳಿದಳು.